ಅಪ್‌ಡೇಟ್: ತೊಗರಿ ಸೊರಗು ರೋಗದ ಪಿಸಿಆರ್, ಕೊನೆಗೂ ಬ್ಯಾಂಡ್ ಬಂತು

ಕಲಬುರಗಿ ಕಡೆಯ ಸೊರಗಿದ ತೊಗರಿ ಕಾಂಡದ ಸಿಪ್ಪೆ ಸುಲಿದರೆ ಕಪ್ಪು ಗೆರೆ ಎದ್ದು ಕಾಣ್ತದೆ, ಆದರೂ ಈ ರೋಗ ತರೋ ಶಿಲೀಂಧ್ರ ಫ್ಯುಸೇರಿಯಂನ ಪಿಸಿಆರ್ (ಬೇಕಾದ ಡಿಎನ್‌ಎ ಚೂರನ್ನು ನಕಲು ಮಾಡಿ ಹೆಚ್ಚಿಸೋ ಪರೀಕ್ಷೆ, ಸಿಕ್ಕರೆ ಜೆಲ್‌ನಲ್ಲಿ ಬ್ಯಾಂಡ್ ಅಂದರೆ ಪಟ್ಟಿ ಕಾಣ್ತದೆ) ನೆಗೆಟಿವ್, ಪಾಸಿಟಿವ್ ಕಂಟ್ರೋಲ್ (ಫ್ಯುಸೇರಿಯಂ ಡಿಎನ್‌ಎ ಇದೆ ಅಂತ ಗೊತ್ತಿರೋ ಟ್ಯೂಬ್) ಮಾತ್ರ ಸರಿಯಿದೆ, ಯಾಕೆ ಅಂತ ಹಿಂದೆ ಕೇಳಿದ್ದೆ. ಬಗೆಹರಿದಿದೆ.

ಕೈಹಿಡಿದದ್ದು "ಗಿಡದ್ದೇ ಜೀನ್ ಹಾಕಿ ನೋಡ್ರಿ" ಅನ್ನೋ ಸಲಹೆ. ಅದೇ ಡಿಎನ್‌ಎಗೆ ಆರ್‌ಬಿಸಿಎಲ್ (ಎಲ್ಲ ಹಸಿರು ಗಿಡದಲ್ಲೂ ಇರೋ ಜೀನ್) ಪ್ರೈಮರ್, ಅಂದರೆ ಆ ಜೀನನ್ನು ಗುರುತಿಸೋ ಡಿಎನ್‌ಎ ತುಣುಕು, ಹಾಕಿದರೆ ಅದೂ ಖಾಲಿ! ತೊಗರಿಯಲ್ಲಿ ತೊಗರಿ ಜೀನೇ ಸಿಗಲಿಲ್ಲ ಅಂದ್ರೆ ರೋಗ ಇಲ್ಲ ಅಂತಲ್ಲ, ರಿಯಾಕ್ಷನ್ನೇ ನಡೆದಿಲ್ಲ. ಖಾತ್ರಿಗೆ 1 ಮೈಕ್ರೋಲೀಟರ್ ಪಾಸಿಟಿವ್ ಡಿಎನ್‌ಎಯನ್ನು ಸ್ಯಾಂಪಲ್ ಟ್ಯೂಬಿಗೇ ಸೇರಿಸಿದೆ. ಆ ಬ್ಯಾಂಡೂ ಮಾಯ. ಕಾಂಡದಲ್ಲಿರೋ ಪಾಲಿಫಿನಾಲ್ ಅನ್ನೋ ರಾಸಾಯನಿಕ, ಡಿಎನ್‌ಎ ನಕಲು ಮಾಡೋ ಟ್ಯಾಕ್ ಎನ್ಜೈಮನ್ನು ತಡೀತಿತ್ತು. ಡಿಎನ್‌ಎ ಹತ್ತು ಪಟ್ಟು ತೆಳು ಮಾಡಿ, 25 ಮೈಕ್ರೋಲೀಟರ್ ರಿಯಾಕ್ಷನ್‌ಗೆ 10 ಮೈಕ್ರೋಗ್ರಾಂ ಬಿಎಸ್‌ಎ (ಇಂಥ ಅಡ್ಡಿಯನ್ನು ಹೀರಿಕೊಳ್ಳೋ ಪ್ರೋಟೀನ್) ಹಾಕಿದ ಮೇಲೆ ಫ್ಯುಸೇರಿಯಂ, ಗಿಡದ ಜೀನ್ ಎರಡೂ ಬ್ಯಾಂಡ್ ಸ್ಪಷ್ಟ.

ಅದಕ್ಕೂ ಮೊದಲು ಪಿಸಿಆರ್ ಸೈಕಲ್ (ನಕಲು ಮಾಡೋ ಸುತ್ತು) 35ರಿಂದ 40ಕ್ಕೆ ಏರಿಸಿ ನೋಡಿದ್ದರಿಂದ ಏನೂ ಆಗಿರಲಿಲ್ಲ. ಸ್ಯಾಂಪಲ್ ಹಾಗೇ ಖಾಲಿ, ಬದಲಿಗೆ ಕಾಂಡ ಹಾಕದೆ ಅರೆದ ಎಕ್ಸ್‌ಟ್ರಾಕ್ಷನ್ ಬ್ಲ್ಯಾಂಕ್‌ನಲ್ಲಿ ಮಸುಕು ಬ್ಯಾಂಡ್! ಡಿಎನ್‌ಎ ಬದಲು ನೀರು ಹಾಕಿದ ಕಂಟ್ರೋಲ್ ಶುದ್ಧ, ಅಂದರೆ ಕಲಬೆರಕೆ ಪಿಸಿಆರ್ ಮಿಕ್ಸ್‌ನಲ್ಲಲ್ಲ, ಅರೆಯೋ ಹಂತದಲ್ಲಿ. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕಾಯಿಸೋದು) ಶಿಲೀಂಧ್ರ ಕೊಲ್ತದೆ, ಡಿಎನ್‌ಎ ಚೂರು ಉಳೀತಾವೆ. ಅದಕ್ಕೇ ಮಾರ್ಟರನ್ನು (ಅರೆಯೋ ಕಲ್ಲು) ಶೇ. 10 ಬ್ಲೀಚ್‌ನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಸ್ಯಾಂಪಲ್ ಹೊಸದಾಗಿ ಅರೆದೆ. ಈಗ ಬ್ಲ್ಯಾಂಕ್ ಖಾಲಿ, ಆರೋಗ್ಯವಂತ ಗಿಡದಲ್ಲಿ ಆರ್‌ಬಿಸಿಎಲ್ ಮಾತ್ರ, ಸೊರಗಿದ್ದರಲ್ಲಿ ಎರಡೂ. ಬ್ಲ್ಯಾಂಕ್ ಇಲ್ಲದ ಪಾಸಿಟಿವ್ ರಿಪೋರ್ಟನ್ನು ದಯವಿಟ್ಟು ರೈತರ ಕೈಗೆ ಕೊಡಬೇಡಿ.