ಪಾಸ್, ರಹದಾರಿ, ಗುರುತಿನ ಚೀಟಿ: 1960ರ ಫಲಕಕ್ಕೆ ಯಾವ ಪದ?

> ದಕ್ಷಿಣ ಆಫ್ರಿಕಾದ 1960ರ ಬಗ್ಗೆ ಶಾಲಾ ಪ್ರದರ್ಶನಕ್ಕೆ ಫಲಕ ಮಾಡುತ್ತಿದ್ದೇವೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 'ಪಾಸ್‌ಬುಕ್' ಅಂತ ಬರೆದರೆ ಮಕ್ಕಳು ಬ್ಯಾಂಕಿನದು ಅಂದುಕೊಳ್ಳುತ್ತಾರೆ. ಬೇರೆ ಪದ ಇದೆಯಾ?

ಮೇಡಂ, ಕಪ್ಪು ಜನ ಸದಾ ಹೊತ್ತು ತಿರುಗಬೇಕಾಗಿದ್ದ ಆ ಸರ್ಕಾರಿ ಪುಸ್ತಕಕ್ಕೆ 'ಪಾಸ್' ಅಂತಲೇ ಬರೆಯಿರಿ. 'ಬುಕ್' ಬಿಟ್ಟರೆ ಬ್ಯಾಂಕಿನ ಗೊಂದಲ ಅಲ್ಲಿಗೇ ಮುಗಿಯಿತು. ಕಾನೂನಿಗೆ 'ಪಾಸ್ ಕಾಯ್ದೆ'. ಬಸ್ ಪಾಸ್ ತೋರಿಸಿ ಶಾಲೆಗೆ ಬರುವ ಮಕ್ಕಳಿಗೆ ಇದು ಹೊಸ ಪದವೇನಲ್ಲ.

ಇಲ್ಲಿ ಬೇರೆಯವರು ಸೂಚಿಸಿರುವ 'ಪರಾಮರ್ಶನ ಗ್ರಂಥ' ಬೇಡವೇ ಬೇಡ. ಅದು ಲೈಬ್ರರಿಯ ಕಪಾಟಿನಲ್ಲಿರುವ ಪುಸ್ತಕ. ಸರ್ಕಾರ ಇಟ್ಟ ಹೆಸರು 'ರೆಫರೆನ್ಸ್ ಬುಕ್' ಅನ್ನುವುದು ನಿಜ, ಆದರೆ ಆ ಹೆಸರಿನಲ್ಲೇ ಮೋಸ ಇದೆ. ಆ ಪುಸ್ತಕವನ್ನು ತಂದ 1952ರ ಕಾಯ್ದೆಯ ಹೆಸರಿನಲ್ಲಿ ಪಾಸ್‌ಗಳನ್ನು ರದ್ದು ಮಾಡುತ್ತೇವೆ ಅಂತಿತ್ತು. ಮಾಡಿದ್ದು ಏನು? ಬಿಡಿ ಬಿಡಿ ಚೀಟಿಗಳನ್ನೆಲ್ಲ ಸೇರಿಸಿ ಒಂದೇ ಪುಸ್ತಕ ಮಾಡಿದರು. 16 ವರ್ಷ ದಾಟಿದ ಕಪ್ಪು ಜನ ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಅಂದರು. ಹೆಂಗಸರಿಗೂ ಆಮೇಲೆ ಹೇರಿದರು. ಜನ ಮಾತ್ರ ಅದನ್ನು 'ಡೊಂಪಾಸ್' ಅಂತಲೇ ಕರೆದರು. ಆಫ್ರಿಕಾನ್ಸ್‌ನಲ್ಲಿ 'ಡೊಂ' ಅಂದರೆ ದಡ್ಡ. ಅದನ್ನು ಹೊತ್ತು ತಿರುಗಿದವರೇ ಪಾಸ್ ಅಂದಮೇಲೆ ನಾವು ಸರ್ಕಾರದ ಹೆಸರನ್ನು ಯಾಕೆ ಅನುವಾದ ಮಾಡಬೇಕು?

'ಗುರುತಿನ ಚೀಟಿ' ಕೂಡ ಆಗಲ್ಲ. ಗುರುತಿನ ಚೀಟಿ ನೀವು ಯಾರು ಅಂತ ಹೇಳುತ್ತದೆ. ಪಾಸ್ ಹೇಳುತ್ತಿದ್ದದ್ದು ನೀವು ಇಲ್ಲಿ ಇರಬಹುದೋ ಇಲ್ಲವೋ ಅಂತ. ಅದರಲ್ಲಿ ಫೋಟೋ ಇತ್ತು, ತೆರಿಗೆ ಕಟ್ಟಿದ ಲೆಕ್ಕ ಇತ್ತು, ಕೆಲಸ ಕೊಟ್ಟ ಧಣಿ ಪ್ರತಿ ತಿಂಗಳು ಹಾಕಬೇಕಾದ ಸಹಿ ಇತ್ತು. ಅನುಮತಿ ಇಲ್ಲದೆ ಪಟ್ಟಣದಲ್ಲಿ 72 ಗಂಟೆಗಿಂತ ಜಾಸ್ತಿ ಇದ್ದರೆ ಅಪರಾಧ. ಪುಸ್ತಕ ಮನೆಯಲ್ಲಿ ಮರೆತು ಬಂದರೂ ಪೊಲೀಸರು ಹಿಡಿದೊಯ್ಯುತ್ತಿದ್ದರು.

> 'ರಹದಾರಿ' ಇದೆಯಲ್ಲ, ಅದರಲ್ಲಿ ನಮ್ಮ ಕನ್ನಡದ 'ದಾರಿ'ಯೇ ಇದೆ.

ಇಲ್ಲ ಸರ್. ಇದು ಜಮೀನ್ದಾರಿ, ಜವಾಬ್ದಾರಿಯಲ್ಲಿರುವ 'ದಾರಿ'. ಪೂರ್ತಿ ಪಾರಸಿ. ದಾರಿ ಅನ್ನುವ ಅರ್ಥ ಬರುವುದು ಪದದ ಶುರುವಿನಲ್ಲಿರುವ 'ರಾಹ್'ನಿಂದ. ಅದಿರಲಿ, ರಹದಾರಿ ಸಿಕ್ಕಿದರೆ ದಾರಿ ತೆರೆಯಿತು ಅಂತ ನಾವು ಖುಷಿಪಡುತ್ತೇವೆ. 'ಯಶಸ್ಸಿಗೆ ರಹದಾರಿ' ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ, ಅಲ್ವಾ? ದಾರಿ ಮುಚ್ಚಲು ಮಾಡಿದ ಪುಸ್ತಕಕ್ಕೆ ಆ ಪದ ಸಲ್ಲದು.

ತಿರುಗು, ಓಲೆ ಸೇರಿಸಿ 'ತಿರುಗೋಲೆ' ಅಂತ ಹೊಸ ಪದ ಕಟ್ಟಿಕೊಟ್ಟವರಿಗೆ ಒಂದೇ ಮಾತು. ಪಾಸ್ ಇಂಗ್ಲಿಷ್ ಅಂತ ತಳ್ಳುವುದಾದರೆ ಕಾಯ್ದೆ, ರದ್ದು, ಜೈಲು ಇವನ್ನೂ ತಳ್ಳಬೇಕಾಗುತ್ತದೆ. ಆಮೇಲೆ ಈ ಫಲಕದಲ್ಲಿ ಒಂದು ಸಾಲೂ ಉಳಿಯುವುದಿಲ್ಲ. ಬಾಯಲ್ಲಿ ಪಳಗಿದ ಪದ ಕನ್ನಡದ್ದೇ.

ಮೇಡಂ, ಯಾರೂ ಗಮನಿಸದ ಇನ್ನೊಂದು ಪದ ನಿಮ್ಮ ಕರಡಿನಲ್ಲಿದೆ. ನನಗೆ ಪಾಸ್‌ಗಿಂತ ಅದೇ ಜಾಸ್ತಿ ಚಿಂತೆ. 'ಶಾರ್ಪ್‌ವಿಲ್ ಗಲಭೆಯಲ್ಲಿ 69 ಜನ ಸತ್ತರು' ಅಂತ ಬರೆದಿದ್ದೀರಿ. ದಯವಿಟ್ಟು 'ಗಲಭೆ' ತೆಗೆಯಿರಿ. ಅವತ್ತು, ಮಾರ್ಚ್ 21ರಂದು, ರಾಬರ್ಟ್ ಸೊಬುಕ್ವೆ ಅವರ ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ ಪಕ್ಷ ಕೊಟ್ಟ ಕರೆ ಇಷ್ಟೇ: ಪಾಸ್ ಮನೆಯಲ್ಲಿ ಬಿಡಿ, ಠಾಣೆಗೆ ನಡೆಯಿರಿ, ನಮ್ಮನ್ನು ಬಂಧಿಸಿ ಅನ್ನಿ. ನಮ್ಮ ಜೈಲ್ ಭರೋ ಥರ. ಸೊಬುಕ್ವೆ ತಾವೇ ಒರ್ಲಾಂಡೊ ಠಾಣೆಗೆ ನಡೆದು ಹೋದರು. ಕಪ್ಪು ಜನರ ಬಡಾವಣೆಯಾದ ಶಾರ್ಪ್‌ವಿಲ್‌ನಲ್ಲಿ ಠಾಣೆಯ ಮುಂದೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಎಷ್ಟೋ ಜನಕ್ಕೆ ಏಟು ಬಿದ್ದದ್ದು ಬೆನ್ನಿಗೆ, ಓಡುವಾಗ. ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದ ಪದ ಇದೆ: ಗೋಲಿಬಾರ್. ವಿದುರಾಶ್ವತ್ಥದ ಬಗ್ಗೆ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಗಲಭೆ ಅಂದರೆ ತಪ್ಪು ಇಬ್ಬರದೂ ಆಗುತ್ತದೆ. 'ಸತ್ತರು' ಅಂದರೆ ಕೊಂದವರು ವಾಕ್ಯದಿಂದಲೇ ಮಾಯ.

'ವರ್ಣಭೇದ ನೀತಿ' ಹಾಗೇ ಇರಲಿ. 'ವರ್ಣ' ಅಂದರೆ ನಮ್ಮ ಚಾತುರ್ವರ್ಣ್ಯ ನೆನಪಾಗುತ್ತದೆ, 'ಅಪಾರ್ತೀಡ್' ಅನ್ನೋಣ ಅಂತ ಒಬ್ಬರು ಬರೆದಿದ್ದಾರೆ. ನೆನಪಾದರೆ ಆಗಲಿ. ಆ ವಾದ ಬೆಳೆಸಬೇಕು ಅನ್ನುವವರು ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಮೇಡಂಗೆ ಸಮಯ ಇಲ್ಲ.

ಫಲಕಕ್ಕೆ ಹೀಗೆ ಹಾಕಬಹುದು:

"1960ರ ಮಾರ್ಚ್ 21. ಪಾಸ್ ಕಾಯ್ದೆಯನ್ನು ವಿರೋಧಿಸಿ ಶಾರ್ಪ್‌ವಿಲ್ ಠಾಣೆಯ ಮುಂದೆ ಸೇರಿದ್ದ ಜನರ ಮೇಲೆ ಪೊಲೀಸರು ಗೋಲಿಬಾರ್ ಮಾಡಿದರು. ಆಗಿನ ಸರ್ಕಾರಿ ಲೆಕ್ಕದಂತೆ 69 ಜನರನ್ನು ಕೊಂದರು. ಮಾರ್ಚ್ 30ರಂದು ತುರ್ತು ಪರಿಸ್ಥಿತಿ ಹೇರಿದರು. ಏಪ್ರಿಲ್‌ನಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಮತ್ತು ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ ಎರಡನ್ನೂ ನಿಷೇಧಿಸಿದರು. ಪಾಸ್ ಕಾಯ್ದೆ ರದ್ದಾದದ್ದು 1986ರಲ್ಲಿ."

ಪಾಸ್ ಅಂದರೇನು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸಾಕು. ಅಚ್ಚಿಗೆ ಕೊಡುವ ಮುಂಚೆ 'ಶಾರ್ಪ್‌ವಿಲ್' ಎಲ್ಲ ಕಡೆ ಒಂದೇ ರೀತಿ ಇದೆಯಾ ನೋಡಿಕೊಳ್ಳಿ. ಕರಡಿನಲ್ಲಿ ಎರಡು ಕಡೆ 'ಶಾರ್ಪೆವಿಲ್ಲೆ' ಆಗಿದೆ.