ಮೀನುತೊಟ್ಟಿಯ ಎಲ್‌ಇಡಿ ದೀಪದೊಳಗೆ ನೀರು: ದುರಸ್ತಿ ಸಾಧ್ಯವೇ?

ಪ್ರಶ್ನೆ
ನಮ್ಮ ಮನೆಯಲ್ಲಿ ಎರಡು ಅಡಿ ಉದ್ದದ ಸಿಹಿನೀರಿನ ತೊಟ್ಟಿಯಿದ್ದು, ಅದರಲ್ಲಿ ಗಪ್ಪಿ ಮೀನುಗಳು, ಚೆರ್ರಿ ಸೀಗಡಿಗಳು ಮತ್ತು ಕೆಲವು ಗಿಡಗಳಿವೆ. ಅಂಚಿನ ಮೇಲೆ ಕೂರುವ ಎಲ್‌ಇಡಿ ದೀಪದೊಳಗೆ ಹನಿ ಕಟ್ಟಿಕೊಂಡು, ಒಂದು ಸಾಲು ಮಿಣುಕಿ ಮಿಣುಕಿ ಪೂರ್ತಿ ಆರಿಹೋಗಿದೆ, ಉಳಿದವು ಉರಿಯುತ್ತಿವೆ. ಒಂದು ಮೂಲೆಯಲ್ಲಿ ಹಸಿರು ಪುಡಿಯಂಥದ್ದು ಕಾಣುತ್ತಿದೆ. ಒಣಗಿಸಿ ಬಳಸಬಹುದೇ? ಅಲ್ಲಿಯವರೆಗೆ ದೀಪವಿಲ್ಲದಿದ್ದರೆ ಮೀನುಗಳಿಗೆ ತೊಂದರೆಯಾದೀತೇ?

ಉತ್ತರ 1
ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಅದಕ್ಕೂ ಮುನ್ನ ನೀರಿಗೆ ಕೈ ಹಾಕಬೇಡಿ. ಆಮೇಲೆ ಅಡಾಪ್ಟರಿನ ಮೇಲಿನ ಚೀಟಿಯನ್ನು ಓದಿ. ಔಟ್‌ಪುಟ್ 12 ವೋಲ್ಟ್ ಡಿಸಿ ಎಂದಿದ್ದರೆ ದೀಪವನ್ನು ಬಿಚ್ಚಿ ನೋಡಬಹುದು. ಅಡಾಪ್ಟರೇ ಇಲ್ಲದೆ ಗೋಡೆಯ 230 ವೋಲ್ಟ್ ನೇರವಾಗಿ ದೀಪದೊಳಕ್ಕೆ ಹೋಗುವಂತಿದ್ದರೆ ಅದರ ಆಸೆ ಬಿಟ್ಟುಬಿಡಿ, ಹೊಸದು ತನ್ನಿ.

ಆ ಹಸಿರು ತಾಮ್ರದ ಕಿಲುಬು. ಅದು ತೊಟ್ಟಿಗೆ ಉದುರದಂತೆ ದೀಪವನ್ನು ದೂರ ಒಯ್ದೇ ಬಿಚ್ಚಿ. ತಾಮ್ರವನ್ನು ಮೀನುಗಳಿಗಿಂತ ಸೀಗಡಿಗಳು ಬಹಳ ಕಡಿಮೆ ತಾಳಿಕೊಳ್ಳುತ್ತವೆ. ಎಲ್‌ಇಡಿಗಳನ್ನು ಸರಣಿಯಾಗಿ ಜೋಡಿಸಿರುವುದರಿಂದ ಒಂದು ಕೆಟ್ಟರೂ ಆ ಸಾಲೆಲ್ಲ ಆರಬಹುದು. ಮೀನುಗಳಿಗೆ ಕೋಣೆಯ ಬೆಳಕೇ ಸಾಕು, ಗಿಡಗಳೂ ಕೆಲವು ದಿನ ತಡೆಯುತ್ತವೆ.

ಉತ್ತರ 2
ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಆದರೆ ನೀರು ಆರಿದರೂ ಅದರಲ್ಲಿದ್ದ ಲವಣ ಎಲ್‌ಇಡಿಗಳನ್ನು ಕೂರಿಸಿದ ಪಟ್ಟಿಯ ಮೇಲೇ ಉಳಿದು, ಮತ್ತೆ ತೇವ ತಾಗಿದೊಡನೆ ಕೊರೆಯತೊಡಗುತ್ತದೆ, ಆದ್ದರಿಂದ ತೊಳೆಯಲೇಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಕಿಲುಬನ್ನು ಉಜ್ಜಿ ತೆಗೆದು, ಅದು ಪೂರ್ತಿ ಆರಿದ ಮೇಲೆ ಬೆಸುಗೆಗಳನ್ನು ಬೆಳಕಿನಲ್ಲಿ ಹಿಡಿದು ನೋಡಿ. ಎಲ್‌ಇಡಿಯ ಕಾಲುಗಳು ಕಪ್ಪಾಗಿದ್ದರೆ ಅಥವಾ ತಾಮ್ರದ ಗೆರೆ ತಿಂದುಹೋಗಿದ್ದರೆ ದುರಸ್ತಿ ವ್ಯರ್ಥ.

ಮರಳಿ ಮುಚ್ಚುವಾಗ ಯಾವ ಸಿಲಿಕೋನ್ ಎಂಬುದು ಮುಖ್ಯ. ತೊಟ್ಟಿಯ ಗಾಜು ಅಂಟಿಸಲು ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು ವಿನಿಗರ್ ವಾಸನೆಯದು. ಗಟ್ಟಿಯಾಗುವಾಗ ಅದು ಬಿಡುವ ಅಸಿಟಿಕ್ ಆಮ್ಲವು ಮುಚ್ಚಿದ ಪೆಟ್ಟಿಗೆಯೊಳಗಿನ ತಾಮ್ರವನ್ನು ತಿನ್ನುತ್ತದೆ. ದೀಪಕ್ಕೆ ಈ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ಕೇಳಿ ಪಡೆಯಿರಿ, ಆದರೆ ಬೂಷ್ಟುನಿರೋಧಕ ಬೆರೆತದ್ದು ಬೇಡ, ಹತ್ತಿರದಲ್ಲೇ ಸೀಗಡಿಗಳಿವೆ.

ಪ್ರಶ್ನೆ ಕೇಳಿದವರು
ಅಡಾಪ್ಟರ್ 12 ವೋಲ್ಟಿನದೇ. ದೀಪದ ನೇರ ಕೆಳಗೆ ಏರ್ ಸ್ಟೋನ್ (ನೀರಿನಲ್ಲಿ ಗಾಳಿಗುಳ್ಳೆ ಬಿಡುವ ಕಲ್ಲು) ಇದೆ, ತೊಟ್ಟಿಗೆ ಗಾಜಿನ ಮುಚ್ಚಳವಿಲ್ಲ. ನೀರು ಹೊಕ್ಕಿದ್ದು ಇದರಿಂದಲೇ ಇರಬಹುದೇ?

ಉತ್ತರ 3
ಬಹುತೇಕ ಅದರಿಂದಲೇ. ಒಡೆಯುವ ಪ್ರತಿ ಗುಳ್ಳೆಯೂ ಸಣ್ಣ ಹನಿಗಳನ್ನು ಮೇಲಕ್ಕೆ ಸಿಡಿಸುತ್ತದೆ. ಜೊತೆಗೆ, ಉರಿದು ಬಿಸಿಯಾದ ದೀಪ ರಾತ್ರಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಬಿರುಕಿನಿಂದ ತೇವವನ್ನು ಒಳಗೆಳೆದುಕೊಳ್ಳುತ್ತದೆ. ಏರ್ ಸ್ಟೋನನ್ನು ಇನ್ನೊಂದು ಮೂಲೆಗೆ ಸರಿಸಿ, ಗಾಳಿಯಾಡಲು ಸಂದು ಬಿಟ್ಟು ಗಾಜಿನ ಮುಚ್ಚಳ ಹಾಕಿಸಿ. ಹೊಸದನ್ನೇ ಕೊಳ್ಳುವುದಾದರೆ ಐಪಿ67 ಗುರುತು ನೋಡಿ: 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯಬೇಕೆಂಬುದು ಅದರ ಅರ್ಥ.

ವೈರು ಪ್ಲಗ್ಗಿಗೆ ಹೋಗುವ ಮುನ್ನ ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದಿರಲಿ, ಇಳಿದು ಬಂದ ಹನಿ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದಿದ್ದರೆ ದೀಪಕ್ಕಿಂತ ಮೊದಲು ಅದನ್ನು ಹಾಕಿಸಿ. ಏಕೆಂದರೆ ತೊಟ್ಟಿಯ ಹೀಟರ್, ಫಿಲ್ಟರುಗಳು ಸಾಮಾನ್ಯವಾಗಿ 230 ವೋಲ್ಟಿನಲ್ಲೇ ನಡೆಯುತ್ತವೆ. ದುರಸ್ತಿಯಾದ ದೀಪವನ್ನು ಮೊದಲು ಒಣ ಮೇಜಿನ ಮೇಲೆ ಕೆಲವು ಗಂಟೆ ಉರಿಸಿ ನೋಡಿ. ಒಳಗೆ ಮತ್ತೆ ಮಂಜು ಕಟ್ಟಿದರೆ ತೇವ ಪೂರ್ತಿ ಹೋಗಿಲ್ಲ, ಇನ್ನೊಮ್ಮೆ ಬಿಚ್ಚಬೇಕು.