ಅರೋವಾನಾ ಮೀನಿನ ಕಿವಿರು ಮುಚ್ಚಳ ಹೊರಕ್ಕೆ ಸುರುಳಿಯಾಗುತ್ತಿದೆ

ಪ್ರಶ್ನೆ: ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಸಾಕಿರುವ ನನ್ನ ಸಿಲ್ವರ್ ಅರೋವಾನಾ ಈಗ ಒಂದೂವರೆ ಅಡಿ ಬೆಳೆದಿದೆ. ಅದರ ಎಡಗಿವಿರಿನ ಮುಚ್ಚಳದ ಮೃದುವಾದ ಅಂಚು ಹೊರಕ್ಕೆ ಮಡಚಿಕೊಂಡು, ಒಳಗಿನ ಕೆಂಪು ಎಳೆಗಳು ಕಾಣಿಸುತ್ತಿವೆ. ತಿಂಗಳಿಗೊಮ್ಮೆ ನೀರು ಬದಲಿಸುತ್ತೇನೆ, ಗೋಲ್ಡ್ ಫಿಶ್ ಮರಿಗಳನ್ನು ಆಹಾರವಾಗಿ ಕೊಡುತ್ತೇನೆ. ಯಾವ ಔಷಧಿ ಹಾಕಬೇಕು?

ಉತ್ತರ 1: ಮಾನ್ಯರೇ, ಇದು ಸಾಮಾನ್ಯವಾಗಿ ಔಷಧಿಯಿಂದ ಸರಿಹೋಗುವ ತೊಂದರೆಯಲ್ಲ; ಕೆಟ್ಟ ನೀರು, ಆಮ್ಲಜನಕದ ಕೊರತೆ, ಇಕ್ಕಟ್ಟಾದ ತೊಟ್ಟಿ ಇದಕ್ಕೆ ಕಾರಣವಾಗಿರಬಹುದು. ಮಾಂಸಾಹಾರಿ ಮೀನು ಹೊರಹಾಕುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆ ನೈಟ್ರೇಟನ್ನು ಹೊರಹಾಕಲು ನೀರು ಬದಲಿಸುವುದೇ ಮುಖ್ಯ ದಾರಿ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಕ್ಲೋರಿನ್ ತೆಗೆದ ನೀರಿನಿಂದ ವಾರಕ್ಕೊಮ್ಮೆ ಕಾಲುಭಾಗ ಬದಲಿಸಿ, ಏರ್ ಪಂಪ್ ಅಳವಡಿಸಿ. ಈ ಜಾತಿ ಮೂರು ಅಡಿಯವರೆಗೆ ಬೆಳೆಯುವುದರಿಂದ, ತಿರುಗಲೂ ಪರದಾಡುವ ಈ ತೊಟ್ಟಿಯಲ್ಲಿ ಅದನ್ನು ಇಡುವುದು ಖಂಡಿತ ಅನ್ಯಾಯ.

ಉತ್ತರ 2: ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮೃದು ಅಂಚು ಮಾತ್ರ ಮಡಚಿದ್ದರೆ ನೀರು ಸುಧಾರಿಸಿದ ಮೇಲೆ ಚೇತರಿಕೆಯ ಆಸೆಯಿದೆ. ಗಟ್ಟಿ ಮೂಳೆಯೇ ಬಾಗಿದ್ದರೆ ಅದು ನೇರವಾಗುವುದು ಕಷ್ಟ. ಅಂಚನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಅರಿವಳಿಕೆ ಕೊಟ್ಟು ಮೀನುವೈದ್ಯರೇ ಮಾಡಬೇಕು, ದಯವಿಟ್ಟು ಮನೆಯಲ್ಲಿ ಕತ್ತರಿ ಹಿಡಿಯಬೇಡಿ. ಗೋಲ್ಡ್ ಫಿಶ್ ಕೊಡುವುದನ್ನೂ ನಿಲ್ಲಿಸಿ. ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವವು ಬಿ1 ಜೀವಸತ್ವವನ್ನು ನಾಶಮಾಡುತ್ತದೆ.

ಪ್ರಶ್ನೆ ಕೇಳಿದವರು: ಮೂಳೆ ಇನ್ನೂ ನೇರವಾಗಿಯೇ ಇದೆ. ಇಂದೇ ಕಾಲುಭಾಗ ನೀರು ಬದಲಿಸಿದ್ದೇನೆ, ದೊಡ್ಡ ತೊಟ್ಟಿಗೆ ಅಳತೆ ಕೊಟ್ಟಿದ್ದೇನೆ.